ಕುರ್ಚಿ ಒಳಗೋ, ಹೊರಗೋ: ಎಡಿಎಚ್‌ಡಿ ಇರುವ ಮಗುವಿಗೆ ಮೈಂಡ್‌ಫುಲ್‌ನೆಸ್ ತರಬೇತಿ ಆರಿಸುವ ಮುನ್ನ

ಮೂರು ಮನೆಗಳ ಪ್ರಶ್ನೆ ನನ್ನ ಮುಂದಿದೆ. ಹುಬ್ಬಳ್ಳಿಯ ವಿದ್ಯಾನಗರದ ತಾಯಿಯೊಬ್ಬರ 9 ವರ್ಷದ ಮಗನಿಗೆ ಗಮನ ನಿಲ್ಲದ, ಅತಿ ಚಟುವಟಿಕೆಯೂ ಇರಬಹುದಾದ ತೊಂದರೆ, ಅಂದರೆ ಎಡಿಎಚ್‌ಡಿ ಇದೆಯೆಂದು ವೈದ್ಯರು ಹೇಳಿ ಒಂದು ವರ್ಷವಾಯಿತು. ಮಾತ್ರೆ ನಡೆದಿದೆ, ಶಾಲೆಯ ದೂರುಗಳು ಕಡಿಮೆಯಾಗಿವೆ, ಆದರೆ ಸಂಜೆ ಹೋಮ್‌ವರ್ಕ್‌ಗೆ ಕುಳಿತರೆ ತಾಯಿ ಮಗ ಇಬ್ಬರೂ ಅಳುವುದು ತಪ್ಪಿಲ್ಲ. ಗದಗಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ತಂದೆಯೊಬ್ಬರ ಮಗಳಿಗೆ 14 ವರ್ಷ. ಯಾರಿಗೂ ತೊಂದರೆ ಕೊಡದೆ ಕಿಟಕಿಯ ಹೊರಗೆ ನೋಡುತ್ತ ಕೂಡುವ ಹುಡುಗಿಯಾದ್ದರಿಂದ ಅವಳ ಕಷ್ಟ ಎಂಟನೆಯ ತರಗತಿಯವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಹಾವೇರಿಯಲ್ಲಿ 5 ವರ್ಷದ ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿ ಹೇಳಿದ್ದು ಇಷ್ಟು: "ಒಂದ್ ಕಡೆ ಕುಂಡ್ರೂದ ಗೊತ್ತಿಲ್ರಿ ಅವಂಗ. ಧ್ಯಾನದ ಕ್ಲಾಸಿಗೆ ಹಾಕ್ರಿ ಅಂತಾರ. ಹಾಕ್ಲ್ಯೋ ಬ್ಯಾಡೋ?"

ನಾನು ವೈದ್ಯೆಯಲ್ಲ. ಧಾರವಾಡದ ಪ್ರಾಥಮಿಕ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಹೇಳಿದವಳು, ಇಂಥ ಮಕ್ಕಳನ್ನು 'ಉಡಾಳ' ಎಂದು ಕರೆದು ಆಮೇಲೆ ನಾಚಿಕೊಂಡವಳು. ನಿವೃತ್ತಿಯ ನಂತರ ಅಂಥ ಮಕ್ಕಳ ಪಾಲಕರೊಡನೆ ಹಲವು ತರಗತಿಗಳಿಗೆ ಹೋಗಿ ಕುಳಿತಿದ್ದೇನೆ. ಕುಳಿತಿದ್ದೇನೆ ಎನ್ನುವುದಕ್ಕಿಂತ ಹೆಚ್ಚಿನ ಕಡೆ ಬಾಗಿಲ ಹೊರಗಿನ ಕುರ್ಚಿಯಲ್ಲಿ ಕಾದಿದ್ದೇನೆ ಎನ್ನುವುದೇ ಸರಿ. ಒಳಗೆ ಮಗು ಕಣ್ಣು ಮುಚ್ಚಿ ಉಸಿರು ಎಣಿಸುತ್ತಿದ್ದರೆ ಹೊರಗೆ ನಾವೆಲ್ಲ ಮೊಬೈಲ್ ತಿಕ್ಕುತ್ತಿದ್ದೆವು. ಆಯ್ಕೆಯ ಗುಟ್ಟು ಆ ಕುರ್ಚಿ ಎಲ್ಲಿದೆ ಎಂಬುದರಲ್ಲಿದೆಯೆಂದು ನನಗೆ ಅನ್ನಿಸತೊಡಗಿದ್ದು ಅಲ್ಲಿಯೇ.

ಮೊದಲು ಪದದ ಮಾತು. ಮೈಂಡ್‌ಫುಲ್‌ನೆಸ್ಸನ್ನು ಕೆಲವರು 'ಸಾವಧಾನ' ಎಂದು ಕನ್ನಡಿಸುತ್ತಾರೆ. ಒಳ್ಳೆಯ ಪದವೇ, ಆದರೆ ನಮ್ಮ ಮಕ್ಕಳು ಅದನ್ನು ಕೇಳಿರುವುದು ಕವಾಯತಿನ ಮೈದಾನದಲ್ಲಿ. ಪಿ.ಟಿ. ಮಾಸ್ತರರು 'ಸಾವಧಾನ್' ಎಂದರೆ ಕಂಬದಂತೆ ಸೆಟೆದು ನಿಲ್ಲಬೇಕು. ಈ ತರಬೇತಿ ಕಲಿಸುವುದು ಸೆಟೆಯುವುದನ್ನಲ್ಲ. ಗಮನ ಎಲ್ಲಿಗೆ ಹೋಯಿತೆಂದು ಬೈಗುಳವಿಲ್ಲದೆ ಕಂಡುಕೊಳ್ಳುವುದು, ಮೆಲ್ಲಗೆ ವಾಪಸು ಕರೆತರುವುದು, ಅದು ಮತ್ತೆ ಓಡಿದರೆ ಮತ್ತೆ ಕರೆತರುವುದು, ಇಷ್ಟೇ ಅದರ ಕೆಲಸ. ಎಡಿಎಚ್‌ಡಿ ಇರುವ ಮಗುವಿನ ಗಮನ ಮೂರು ನಿಮಿಷದಲ್ಲಿ ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ಅಭ್ಯಾಸವಾಯಿತು ಎಂದು ಲೆಕ್ಕ ಹಿಡಿಯಬೇಕೇ ಹೊರತು ಇಪ್ಪತ್ತು ಸಲ ಸೋತಿತು ಎಂದಲ್ಲ. ಇದರ ಬೇರು ಬೌದ್ಧ ಧ್ಯಾನದಲ್ಲಿದೆ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅದನ್ನು 8 ವಾರಗಳ ತರಬೇತಿಯಾಗಿ ರೂಪಿಸಿದರು. ನೆದರ್ಲೆಂಡ್ಸ್‌ನ ಸೂಸನ್ ಬೋಗಲ್ಸ್ ಮತ್ತು ಸಂಗಡಿಗರು ಎಡಿಎಚ್‌ಡಿ ಇರುವ ಮಕ್ಕಳಿಗೂ ಅವರ ಪಾಲಕರಿಗೂ ಹೊಂದುವಂತೆ ಅದನ್ನು ಬದಲಿಸಿದರು.

ತರಗತಿಗೆ ಮುಂಚೆ ದವಾಖಾನೆ

ಯಾವ ತರಬೇತಿಗೂ ದುಡ್ಡು ಕಟ್ಟುವ ಮೊದಲು ಎಡಿಎಚ್‌ಡಿ ಹೌದೋ ಅಲ್ಲವೋ ಎಂಬುದು ಖಚಿತವಾಗಬೇಕು. ಲಕ್ಷಣಗಳು 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ತೊಡಕು ಮಾಡುತ್ತಿರಬೇಕು. ಇದು ವೈದ್ಯರು ಬಳಸುವ ಅಳತೆ. ಕಣ್ಣು, ಕಿವಿ, ನಿದ್ದೆ, ಓದು ಬರಹದ ಕಲಿಕೆಯಲ್ಲಿನ ತೊಡಕು, ಇವುಗಳನ್ನೂ ನೋಡಿಸಬೇಕು, ಏಕೆಂದರೆ ಹಿಂದಿನ ಬೆಂಚಿನಿಂದ ಬೋರ್ಡು ಕಾಣದ ಮಗುವೂ ಚಂಚಲವಾಗಿಯೇ ಕಾಣುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಗದಗ ಹಾಗೂ ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಡಿಮ್ಹಾನ್ಸ್‌ನ ಗೇಟಿನಲ್ಲಿ ಪರಿಚಯದವರು ಕಂಡಾರು ಎಂಬ ಅಂಜಿಕೆಯಿಂದ ಎರಡು ವರ್ಷ ಕಳೆದ ಕುಟುಂಬಗಳನ್ನು ನಾನು ಬಲ್ಲೆ. 'ಹುಚ್ಚರ ದವಾಖಾನಿ' ಎಂಬ ಹಳೆಯ ಹೆಸರು ಜನರ ಬಾಯಿಂದ ಇನ್ನೂ ಪೂರ್ತಿ ಹೋಗಿಲ್ಲ. ಅಂಜಿಕೆ ದೊಡ್ಡದಾಗಿದ್ದರೆ ಮಕ್ಕಳ ವೈದ್ಯರಿಂದ ಶುರು ಮಾಡಬಹುದು, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಕರೆಗೆ ಖರ್ಚಿಲ್ಲ.

ಮಾತ್ರೆಯ ಮಾತು ಬಂದೇ ಬರುತ್ತದೆ. ಮೈಂಡ್‌ಫುಲ್‌ನೆಸ್ ಮಾತ್ರೆಗೆ ಬದಲಿಯಲ್ಲ. ಮೀಥೈಲ್‌ಫೆನಿಡೇಟ್‌ನಂಥ ಔಷಧ ಕೊಟ್ಟ ದಿನವೇ, ಒಂದು ತಾಸಿನೊಳಗೆ, ಕೆಲಸ ತೋರಿಸಬಲ್ಲದು. ಅದಕ್ಕೆ ಹಲವು ದಶಕಗಳ ಪರೀಕ್ಷೆಯ ಬಲವಿದೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಅದರ ತೊಂದರೆಗಳು. ಮೈಂಡ್‌ಫುಲ್‌ನೆಸ್‌ಗೆ ಅಂಥ ಅಡ್ಡ ಪರಿಣಾಮ ಕಡಿಮೆ, ಪರಿಣಾಮವೂ ನಿಧಾನ ಮತ್ತು ಸಣ್ಣದು. ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿ 6 ವರ್ಷಕ್ಕಿಂತ ಚಿಕ್ಕವರಿಗೆ ಮೊದಲು ಪಾಲಕರ ವರ್ತನಾ ತರಬೇತಿ (ಮಗುವಿನ ನಡವಳಿಕೆಯನ್ನು ನಿಭಾಯಿಸುವುದನ್ನು ಪಾಲಕರಿಗೆ ಕಲಿಸುವುದು) ಎನ್ನುತ್ತದೆ, 6ರಿಂದ 12ರವರಿಗೆ ಔಷಧ ಮತ್ತು ವರ್ತನಾ ತರಬೇತಿ ಎರಡನ್ನೂ ಹೇಳುತ್ತದೆ. 'ನಮ್ಮಲ್ಲಿಗೆ ಬಂದರೆ ಮಾತ್ರೆ ಬಿಡಿಸುತ್ತೇವೆ' ಎನ್ನುವ ತರಗತಿ ಎದುರಾದರೆ ಅಲ್ಲಿಂದ ಎದ್ದು ಬನ್ನಿ. ಈ ಒಂದು ಮಾತಿನಲ್ಲಿ ನಾನು ರಾಜಿಯಾಗುವವಳಲ್ಲ.

ವಿದ್ಯಾನಗರದ ಮನೆಯ ಸಂಜೆಯ ಗೋಳಿಗೆ ಕಾರಣವೂ ಇಲ್ಲಿಯೇ ಇರಬಹುದು. ಕಡಿಮೆ ಅವಧಿಯ ಮಾತ್ರೆಯ ಬಲ ಸುಮಾರು 4 ತಾಸು. ಬೆಳಿಗ್ಗೆ ನುಂಗಿದ್ದು ಶಾಲೆಯ ಮೊದಲ ಭಾಗವನ್ನು ದಾಟಿಸುತ್ತದೆ, ಹೋಮ್‌ವರ್ಕ್‌ನ ಹೊತ್ತಿಗೆ ಇಳಿದಿರುತ್ತದೆ. ತರಗತಿ ಹುಡುಕುವ ಮೊದಲು ಆ ತಾಯಿ ಇದನ್ನು ವೈದ್ಯರ ಬಳಿ ಕೇಳುವುದು ಒಳ್ಳೆಯದು.

ಯಾವ ಅಳತೆಯಿಂದ ಅಳೆಯಬೇಕು

ಮೊದಲ ಅಳತೆ, ಪಾಲಕರ ಕುರ್ಚಿ ಎಲ್ಲಿದೆ, ಅಂದರೆ ಪಾಲಕರೂ ಕಲಿಯುತ್ತಾರೋ ಇಲ್ಲವೋ ಎಂಬುದು. ಇದಕ್ಕೆ ಸಂಶೋಧನೆಯ ಆಧಾರವಿದೆ. 2012ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ 8ರಿಂದ 12 ವರ್ಷದ 22 ಮಕ್ಕಳು 8 ವಾರ ಕಲಿತರು, ಪಾಲಕರು ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಕಲಿತರು. ಕೊನೆಗೆ ಮಕ್ಕಳ ಲಕ್ಷಣಗಳು ಕಡಿಮೆಯಾಗಿವೆ ಎಂದು ಪಾಲಕರು ಹೇಳಿದರು, ಶಿಕ್ಷಕರಿಗೆ ಅಂಥ ಬದಲಾವಣೆ ಕಾಣಲಿಲ್ಲ. ಮಗು ಬದಲಾಯಿತೋ, ನೋಡುವ ಕಣ್ಣು ಬದಲಾಯಿತೋ? ಬಹುಶಃ ಎರಡೂ ಸ್ವಲ್ಪ ಸ್ವಲ್ಪ. ಮುಂದೆ ಅದೇ ದೇಶದಲ್ಲಿ 103 ಮಕ್ಕಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಎಂದಿನ ಚಿಕಿತ್ಸೆಯೊಂದನ್ನೇ ಪಡೆದವರಿಗೂ, ಅದರ ಜೊತೆಗೆ ಈ ತರಬೇತಿ ಪಡೆದವರಿಗೂ ಸ್ವನಿಯಂತ್ರಣದಲ್ಲಿ ಸರಾಸರಿ ವ್ಯತ್ಯಾಸ ಚಿಕ್ಕದಾಗಿತ್ತು, ಖಚಿತವೆನ್ನುವ ಮಟ್ಟ ಮುಟ್ಟಲಿಲ್ಲ. ಆದರೆ ನಂಬಬಹುದಾದ ಸುಧಾರಣೆ ಕಂಡ ಮಕ್ಕಳು ತರಬೇತಿಯ ಗುಂಪಿನಲ್ಲಿ 32%, ಇನ್ನೊಂದರಲ್ಲಿ 11%. ಪಾಲಕರಿಗೂ ಲಾಭ ಕಂಡಿತು. ಅಂದರೆ ಕೆಲವು ಮನೆಗಳಿಗೆ ಇದು ಚೆನ್ನಾಗಿ ಹತ್ತುತ್ತದೆ, ಹೆಚ್ಚಿನವಕ್ಕೆ ಹತ್ತುವುದಿಲ್ಲ. ಈ ಗುಂಪಿನಲ್ಲಿ ಪಾಲಕರ ಕುರ್ಚಿ ಒಳಗಿತ್ತು ಎಂಬುದನ್ನು ಮರೆತು ಇದೇ ಅಂಕಿಯನ್ನು ಮಕ್ಕಳಿಗಷ್ಟೇ ಇರುವ ತರಗತಿಯ ಜಾಹೀರಾತಿಗೆ ಬಳಸುವುದು ಸರಿಯಲ್ಲ.

ಎರಡನೆಯ ಅಳತೆ, ಮನೆಯಲ್ಲಿ ಅಭ್ಯಾಸ ನಡೆಸುವವರು ಯಾರು ಎಂಬುದು. ಎಡಿಎಚ್‌ಡಿಗೆ ಅನುವಂಶೀಯತೆ ಬಹಳ ಹೆಚ್ಚು, 70ರಿಂದ 80% ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಹೀಗಾಗಿ ಪಾಲಕರಿಗೂ ಅದೇ ತೊಡಕು ಇರುವುದುಂಟು. ಬೀಗದ ಕೈ ಎಲ್ಲಿಟ್ಟೆನೆಂದು ದಿನಾ ಹುಡುಕುವ ಅಪ್ಪನಿಗೇ ಮಗನ ಅಭ್ಯಾಸದ ಪಟ್ಟಿ ಕೊಟ್ಟರೆ ಅದು ಮೂರನೆಯ ದಿನಕ್ಕೆ ಕಳೆದುಹೋಗುತ್ತದೆ. ಇದು ಬೈಗುಳಲ್ಲ. ಅಂಥ ಮನೆಗೆ ಹೊರಗಿನ ಗುಂಪಿನ ಕಟ್ಟು ಬೇಕು ಎಂಬ ಲೆಕ್ಕ, ಅಷ್ಟೆ.

ವಯಸ್ಸು, ಭಾಷೆ, ದೂರ, ದುಡ್ಡು ಇವು ಉಳಿದವು. ದುಡ್ಡಿನಲ್ಲಿ ತರಗತಿಯ ಶುಲ್ಕವನ್ನಷ್ಟೇ ಎಣಿಸಬೇಡಿ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಹೋಗಿ ಬರಲು 3 ತಾಸು ಹಿಡಿದರೂ 8 ವಾರಕ್ಕೆ 24 ತಾಸು ಪ್ರಯಾಣ. 90 ನಿಮಿಷದ 8 ತರಗತಿಗಳಲ್ಲಿ ಕಲಿಯುವುದು 12 ತಾಸು. ಕಲಿತದ್ದರ ಎರಡು ಪಟ್ಟು ಹೊತ್ತು ಬಸ್ಸಿನಲ್ಲಿ ಹೋಗುತ್ತದೆ, ಅಷ್ಟೂ ಹೊತ್ತು ಅಂಗಡಿಯ ಬಾಗಿಲು ಮುಚ್ಚಿರುತ್ತದೆ.

ಮಗು, ಪಾಲಕರು ಇಬ್ಬರೂ ಕಲಿಯುವ ಗುಂಪು

ಮೇಲೆ ಹೇಳಿದ ಡಚ್ ಮಾದರಿಯೇ ಇದರ ಮೂಲ. ವಾರಕ್ಕೊಂದು ತರಗತಿ, 8 ವಾರ, ಮುಗಿದ 8 ವಾರಕ್ಕೆ ಮತ್ತೊಂದು ನೆನಪಿನ ತರಗತಿ. ಮಕ್ಕಳಿಗೆ ಚಿಕ್ಕ ಚಿಕ್ಕ ಅಭ್ಯಾಸಗಳು. ಒಂದು ಒಣದ್ರಾಕ್ಷಿಯನ್ನು ಮೊದಲ ಸಲ ಕಂಡಂತೆ ನೋಡಿ, ಮೂಸಿ, ನಿಧಾನವಾಗಿ ತಿನ್ನುವುದು. ಪಾದದಿಂದ ತಲೆಯವರೆಗೆ ಮೈಯನ್ನು ಗಮನಿಸುವುದು. ಗಂಟೆಯ ನಾದ ಎಲ್ಲಿ ಮುಗಿಯಿತೆಂದು ಕೇಳುವುದು. ಬಂದದ್ದಕ್ಕೆ, ಮನೆಯಲ್ಲಿ ಮಾಡಿದ್ದಕ್ಕೆ ಅಂಕ ಸಿಗುತ್ತದೆ. ಎಡಿಎಚ್‌ಡಿ ಇರುವ ಮಗುವಿಗೆ ಬಹುಮಾನ ದೂರವಿದ್ದರೆ ಅದು ಇಲ್ಲದಂತೆಯೇ, ಆದ್ದರಿಂದ ಈ ಅಂಕಗಳು ಅಲಂಕಾರವಲ್ಲ, ಅಗತ್ಯ.

ಪಾಲಕರ ಕೋಣೆಯಲ್ಲಿ ಕಲಿಸುವುದು ಬೇರೆ. ಮಗ ಮೂರನೆಯ ಸಲ ಪೆನ್ಸಿಲ್ ಬೀಳಿಸಿದಾಗ ನಿಮ್ಮ ಎದೆಯಲ್ಲಿ ಏನಾಗುತ್ತದೆ, ಕೈ ಎತ್ತುವ ಮುನ್ನ ಮೈಯಲ್ಲಿ ಎಲ್ಲಿ ಬಿಸಿ ಏರುತ್ತದೆ, ಆ ಬಿಸಿಗೂ ಕೈಗೂ ನಡುವೆ ಒಂದು ಉಸಿರಿನ ಜಾಗ ಮಾಡಲು ಬರುತ್ತದೆಯೋ ಎಂಬುದು ಅಲ್ಲಿನ ಪಾಠ. ನಮ್ಮ ಹೆಣ್ಣುಮಕ್ಕಳಿಗೆ ಇದರ ಜೊತೆಗೆ ಇನ್ನೊಂದು ಹೊರೆ ಇರುತ್ತದೆ: ಅತ್ತೆ, ನಾದಿನಿ, ನೆರೆಯವರು ಎಲ್ಲರೂ 'ತಾಯಿ ಶಿಸ್ತು ಕಲಿಸಿಲ್ಲ' ಎಂದು ಅಂದುಕೊಂಡಿರುತ್ತಾರೆಂಬ ಭಾರ. ಅದೇ ಭಾರ ಹೊತ್ತ ಹತ್ತು ಮಂದಿ ಒಂದು ಕೋಣೆಯಲ್ಲಿ ಕೂಡುವುದೇ ಅರ್ಧ ಔಷಧವೆಂದು ನನಗೆ ತೋರುತ್ತದೆ. ಆದರೆ ಇದು ನನ್ನ ಅನಿಸಿಕೆ, ಸಂಶೋಧನೆಯ ಮಾತಲ್ಲ.

ಇದರ ಕೊರತೆ ಏನೆಂದರೆ, ಒಂದೇ ವಯಸ್ಸಿನ ಆರೆಂಟು ಮಕ್ಕಳು, ಅವರ ಪಾಲಕರು ಮತ್ತು ತರಬೇತಾದ ಇಬ್ಬರು ಒಂದೇ ಹೊತ್ತಿಗೆ ಕೂಡಿಬರಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಿಂದ ಈ ತೊಡಕು ಅರ್ಧ ಕಡಿಮೆಯಾಗುತ್ತದೆ, ಹಾವೇರಿಯಲ್ಲಿ ಹಾಗಲ್ಲ. ಯಾರಾದರೂ ಇಂಥ ಗುಂಪು ನಡೆಸುತ್ತೇವೆ ಎಂದರೆ ಕೇಳಬೇಕಾದದ್ದು: ನೀವು ಕ್ಲಿನಿಕಲ್ ಸೈಕಾಲಜಿಸ್ಟರೋ? ಸ್ವತಃ ದಿನವೂ ಅಭ್ಯಾಸ ಮಾಡುತ್ತೀರೋ? ಪಾಲಕರಿಗೆ ಪ್ರತ್ಯೇಕ ಪಾಠವಿದೆಯೋ, ಅಥವಾ ಕೊನೆಯ ದಿನ ಒಂದು ಭಾಷಣವೋ?

ಪಾಲಕರಿಗೆ ಮಾತ್ರ

ಮಗುವನ್ನು ಎಲ್ಲಿಗೂ ಒಯ್ಯದೆ ದೊಡ್ಡವರಷ್ಟೇ ಕಲಿಯುವ ದಾರಿ ಇದು. ಎರಡು ಬಗೆ. ಒಂದು ವರ್ತನಾ ತರಬೇತಿ: ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಒಳ್ಳೆಯದನ್ನು ಕಂಡ ಕೂಡಲೇ ಹೇಳುವುದು, ದಿನಚರಿ ಗಟ್ಟಿ ಮಾಡುವುದು. ಇನ್ನೊಂದು ಪಾಲಕರ ಮೈಂಡ್‌ಫುಲ್‌ನೆಸ್. ಚಿಕ್ಕ ಮಕ್ಕಳ ಮಟ್ಟಿಗೆ ಮೊದಲನೆಯದಕ್ಕೆ ಸಾಕ್ಷ್ಯ ಹೆಚ್ಚು ಗಟ್ಟಿ, ಇದರಲ್ಲಿ ತಜ್ಞರ ನಡುವೆ ಜಗಳವಿಲ್ಲ. ಆದರೆ ಅದರ ಪಾಠಗಳನ್ನು ಸಿಟ್ಟಿನಲ್ಲಿದ್ದವರು ನಡೆಸಲಾರರು. 'ಶಾಂತವಾಗಿ ಒಂದೇ ಸಲ ಹೇಳಿ' ಎಂದು ಚೀಟಿಯಲ್ಲಿ ಬರೆದಿರುತ್ತದೆ, ಮನೆಯಲ್ಲಿ ಕುಕ್ಕರಿನ ನಾಲ್ಕನೆಯ ಸೀಟಿ ಹೊಡೆದಿರುತ್ತದೆ. ಎರಡನೆಯದು ಮೊದಲನೆಯದಕ್ಕೆ ಬಲ ಕೊಡುವುದು ಈ ಜಾಗದಲ್ಲಿ.

ಹಾವೇರಿಯ ಅಜ್ಜಿಗೆ ನನ್ನ ಉತ್ತರ ಇಲ್ಲಿಯೇ ಸಿಗುತ್ತದೆ. 5 ವರ್ಷದ ಕೂಸನ್ನು ಧ್ಯಾನದ ತರಗತಿಗೆ ಹಾಕುವುದು ಬೇಡ. ಕಲಿಯಬೇಕಾದವರು ದೊಡ್ಡವರು. ಆ ದೊಡ್ಡವರು ಯಾರು? ತಿಂಗಳಿಗೊಮ್ಮೆ ಊರಿಗೆ ಬರುವ ಮಗ ಸೊಸೆಯಲ್ಲ, ಹಗಲೆಲ್ಲ ಜೊತೆಗಿರುವ ಅಜ್ಜಿ. ದವಾಖಾನೆಯಲ್ಲಿ 'ತಂದೆ ತಾಯಿ ಬರಲಿ' ಎಂದರೂ ಅಜ್ಜಿ ತಾನೂ ಒಳಗೆ ಕೂಡುತ್ತೇನೆ ಎಂದು ಕೇಳಿಕೊಳ್ಳಬೇಕು. ತಂದೆ ತಾಯಿ ಫೋನಿನ ವಿಡಿಯೊದಲ್ಲಿ ಕೂಡಿದರೆ ನಡೆಯುತ್ತದೆ. ತಿರುವು ಮುರುವಾದರೆ ನಡೆಯುವುದಿಲ್ಲ.

ಯೋಗ ತರಗತಿ, ಸೈಕಾಲಜಿಸ್ಟರ ಕೋಣೆ, ಮೊಬೈಲ್ ಆ್ಯಪ್

ಯೋಗ ತರಗತಿ ನಮ್ಮ ಊರುಗಳಲ್ಲಿ ಓಣಿಗೊಂದಿದೆ, ಶುಲ್ಕ ಕಡಿಮೆ, ಕನ್ನಡದಲ್ಲಿಯೇ ನಡೆಯುತ್ತದೆ, ಮುಖ್ಯವಾಗಿ ಮೈ ಅಲುಗಾಡುತ್ತದೆ. ಕುಳಿತು ಉಸಿರು ನೋಡಲಾರದ ಮಗು ವೃಕ್ಷಾಸನದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಅದೇ ಅಭ್ಯಾಸವನ್ನು ಮಾಡಬಲ್ಲದು. ನಿಮ್ಹಾನ್ಸ್‌ನಲ್ಲಿ ಒಳರೋಗಿಗಳಾಗಿದ್ದ 9 ಮಕ್ಕಳಿಗೆ ಚಿಕಿತ್ಸೆಯ ಜೊತೆಗೆ ಯೋಗ ಕಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮನೆಗೆ ಹೋಗುವ ಹೊತ್ತಿಗೆ ಲಕ್ಷಣಗಳು ಕಡಿಮೆಯಾಗಿದ್ದವು. ಆದರೆ ಅವರು ಔಷಧವನ್ನೂ ಆಸ್ಪತ್ರೆಯ ಆರೈಕೆಯನ್ನೂ ಪಡೆಯುತ್ತಿದ್ದರು, ಹೋಲಿಸಲು ಬೇರೆ ಗುಂಪು ಇರಲಿಲ್ಲ. ಸಾಲದ್ದಕ್ಕೆ ಮಕ್ಕಳ ಯೋಗ ಬೇಗನೆ ಪದಕದ ಕಡೆ ತಿರುಗುತ್ತದೆ. ಸ್ಪರ್ಧೆಗೆ ತಯಾರು ಮಾಡುವ ಗುರುಗಳ ಬಳಿ ತಪ್ಪಿದ ಗಮನಕ್ಕೆ ಬೈಗುಳ ಸಿಕ್ಕರೆ ಮಗುವಿಗೆ ಅದು ಇನ್ನೊಂದು ಶಾಲೆಯಾಯಿತು. ಖುಷಿಗಾಗಿ ಹಾಕಿ, ಚಿಕಿತ್ಸೆಯೆಂದಲ್ಲ. ಧಾರವಾಡದಲ್ಲಿ ತಪ್ಪದೆ ಬರುವ 'ತಬಲಾ ಕ್ಲಾಸಿಗೆ ಹಾಕ್ರಿ' ಎಂಬ ಸಲಹೆಗೂ ಇದೇ ಉತ್ತರ.

ಸೈಕಾಲಜಿಸ್ಟರೊಡನೆ ಒಬ್ಬೊಬ್ಬರಾಗಿ ಕಲಿಯುವುದು ಖಾಸಗಿಯಾಗಿ ಹೋದರೆ ದುಬಾರಿ, ಸರ್ಕಾರಿ ದವಾಖಾನೆಯಲ್ಲಾದರೆ ಅಗ್ಗ ಆದರೆ ಸರದಿ ಉದ್ದ, ಪ್ರತಿ ಸಲ ಅದೇ ವ್ಯಕ್ತಿ ಸಿಗಬೇಕೆಂದಿಲ್ಲ. ಹದಿಹರೆಯದವರಿಗೆ ಮಾತ್ರ ನಾನು ಇದನ್ನೇ ಮೊದಲು ಹೇಳುತ್ತೇನೆ. ಗದಗಿನ ಹುಡುಗಿಯನ್ನು 8 ವರ್ಷದವರ ಗುಂಪಿನಲ್ಲಿ ದ್ರಾಕ್ಷಿ ಮೂಸಲು ಕೂಡಿಸಿದರೆ ಅವಳು ಎರಡನೆಯ ವಾರ ಬರುವುದಿಲ್ಲ. ವರ್ಷಗಟ್ಟಲೆ 'ಸೋಮಾರಿ, ಲಕ್ಷ್ಯ ಇಲ್ಲ' ಎಂದು ಕೇಳಿಸಿಕೊಂಡ ಹುಡುಗಿಯರಲ್ಲಿ ಕಳವಳ, ಬೇಸರ ಜೊತೆಗೂಡಿರುವುದುಂಟು, ಅದನ್ನು ಗುರುತಿಸಲು ಒಬ್ಬರ ಎದುರು ಒಬ್ಬರು ಕೂಡಬೇಕು. ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಕಳವಳ ಏರುತ್ತದೆ. ಅಂಥವರಿಗೆ ಕಣ್ಣು ತೆರೆದೇ, ನಡೆಯುತ್ತಲೇ ಕಲಿಸಲು ಬರುತ್ತದೆ. ತಂದೆಯ ಅಂಗಡಿಯ ಲೆಕ್ಕಕ್ಕೆ ಹೊಂದುವ ದಾರಿಯೆಂದರೆ ಮೊದಲ ಎರಡು ಭೇಟಿ ಎದುರಾಎದುರು, ಆಮೇಲಿನವು ವಿಡಿಯೊ ಕರೆಯಲ್ಲಿ, ತಿಂಗಳಿಗೊಮ್ಮೆ ಹುಬ್ಬಳ್ಳಿ. ಕರೆಯ ಹೊತ್ತಿಗೆ ಮಗಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು, ಅದಿಲ್ಲದಿದ್ದರೆ ವಿಡಿಯೊ ಕರೆ ವ್ಯರ್ಥ. ಅವಳಿಗೆ ಎಸ್ಸೆಸ್ಸೆಲ್ಸಿ ಹತ್ತಿರವಾಗುತ್ತಿದೆ, ಆದ್ದರಿಂದ ಪರೀಕ್ಷೆಯ ವರ್ಷ ಶುರುವಾಗುವ ಮೊದಲೇ ಇದನ್ನು ಆರಂಭಿಸುವುದು ಲೇಸು.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚಿನವು ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಗಮನ ಕದಿಯುವ ಸಾಧನವನ್ನೇ ಗಮನ ಕಲಿಸಲು ಮಗುವಿನ ಕೈಗೆ ಕೊಟ್ಟಂತಾಗುತ್ತದೆ. ದುಡ್ಡಿಲ್ಲದ ಮನೆಗೆ ಅದಕ್ಕಿಂತ ಒಳ್ಳೆಯ ದಾರಿ, ತಾಯಿ ಅಥವಾ ಅಜ್ಜಿ ತನ್ನದೇ ದನಿಯಲ್ಲಿ ಮೂರು ನಿಮಿಷದ ಸೂಚನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಫೋನನ್ನು ಬೋರಲು ಹಾಕಿ ಕೇಳಿಸುವುದು. 'ಈಗ ಹೊಟ್ಟೆ ಮ್ಯಾಲ ಕೈ ಇಡು, ಉಸಿರು ಒಳಗ ಹೋದಾಗ ಹೊಟ್ಟಿ ಏನ್ ಆಗ್ತದ ನೋಡು' ಎಂದು ಮನೆಯ ಮಾತಿನಲ್ಲಿಯೇ ಇರಲಿ. ಹಿತ್ತಾಳೆ ಬಟ್ಟಲಿಗೆ ಚಮಚದಿಂದ ಹೊಡೆದರೆ ಗಂಟೆಯೂ ಆಯಿತು. ಸರ್ಕಾರಿ ದವಾಖಾನೆಯ ಚಿಕಿತ್ಸೆಯ ಜೊತೆಗೆ ಇಷ್ಟನ್ನು ದಿನಾ ಒಂದೇ ಹೊತ್ತಿಗೆ, ದೊಡ್ಡವರೂ ಪಕ್ಕದಲ್ಲಿ ಕುಳಿತು ಮಾಡಿದರೆ, ಕುರ್ಚಿ ಹೊರಗಿರುವ ದುಬಾರಿ ತರಗತಿಗಿಂತ ಇದನ್ನೇ ನಾನು ಆರಿಸುತ್ತೇನೆ.

ವಿದ್ಯಾನಗರದ ತಾಯಿಗೆ, ಮಾತ್ರೆಯ ಹೊತ್ತನ್ನು ವೈದ್ಯರ ಬಳಿ ಸರಿಪಡಿಸಿಕೊಂಡ ಮೇಲೂ ಸಂಜೆಯ ಜಗಳ ಉಳಿದರೆ, ಇಬ್ಬರೂ ಕಲಿಯುವ ಗುಂಪೇ ತಕ್ಕದ್ದು. ಮಗನಿಗೆ ವಯಸ್ಸು ಸರಿಯಿದೆ, ದೂರವಿಲ್ಲ, ತೊಂದರೆ ಇರುವುದೂ ಇಬ್ಬರ ನಡುವೆ. ಗುಂಪು ಸಿಗದಿದ್ದರೆ ಮಗನನ್ನು ಒಬ್ಬನೇ ಎಲ್ಲಿಗೋ ಸೇರಿಸುವ ಬದಲು ತಾಯಿ ತಾನೊಬ್ಬಳೇ ಕಲಿಯಲಿ.

ಎಷ್ಟು ದಿನ ನೋಡುವುದು

ಯಾವುದನ್ನೇ ಆರಿಸಿದರೂ ಸೇರುವ ಹಿಂದಿನ ವಾರವೇ ಒಂದು ನೋಟ್‌ಬುಕ್ ತೆಗೆದು ಎಣಿಸಬಹುದಾದ ಎರಡು ಸಂಗತಿಗಳನ್ನು ಮಾತ್ರ ಬರೆಯಿರಿ. ಹೋಮ್‌ವರ್ಕ್‌ನ ಹೊತ್ತಿನಲ್ಲಿ ನೀವು ದನಿ ಏರಿಸಿದ್ದು ಎಷ್ಟು ಸಲ, ಮಗು ಶುರು ಮಾಡಲು ಹಿಡಿದ ಹೊತ್ತು ಎಷ್ಟು. 'ಸ್ವಲ್ಪ ಶಾಂತ ಆಗ್ಯಾನ' ಎಂಬ ಮಾತನ್ನು ಬರೆಯಬೇಡಿ, ಶುಲ್ಕ ಕಟ್ಟಿದ ಮೇಲೆ ಎಲ್ಲರಿಗೂ ಹಾಗೆ ಅನ್ನಿಸುತ್ತದೆ. ನಾಲ್ಕನೆಯ ವಾರ ಒಮ್ಮೆ, ಎಂಟನೆಯ ವಾರ ಒಮ್ಮೆ ಹಿಂದಿನ ಪುಟದೊಡನೆ ಹೋಲಿಸಿ. ಮೊದಲನೆಯ ಅಂಕಿ ಇಳಿದು ಎರಡನೆಯದು ಹಾಗೆಯೇ ಇದ್ದರೆ ನಿಮಗೆ ಲಾಭವಾಗಿದೆ, ಮಗುವಿಗೆ ಬೇರೆ ನೆರವು ಬೇಕು ಎಂದರ್ಥ. ವೈದ್ಯರಿಗೆ ಆ ಪುಟ ತೋರಿಸಿ. ಎರಡೂ ಇಳಿಯದಿದ್ದರೆ ಎರಡನೆಯ ಕಂತು ಕಟ್ಟಬೇಡಿ.

ಮೂರನೆಯ ಸಾಲೊಂದನ್ನು ಖಾಲಿ ಬಿಡಿ. ಅದನ್ನು ತುಂಬಬೇಕಾದವರು ಮಗುವಿನ ಶಿಕ್ಷಕರು: ಒಂದು ವಾರದಲ್ಲಿ ಎಷ್ಟು ದಿನ ತರಗತಿಯ ಕೆಲಸ ಪೂರ್ತಿಯಾಯಿತು. ತರಬೇತಿಯ ವಿಷಯವನ್ನು ಅವರಿಗೆ ಆಗ ಹೇಳಬೇಡಿ, ಎಂಟು ವಾರದ ನಂತರ ಹೇಳಿ.